ಇತರೆ – ಒಂದು

ಆ ದಿನ ಶನಿವಾರ. ನಮ್ಮ ಮನೆಯವರು ಕೋಟೇಶ್ವರದ ಮನೆಯ ಜಗಲಿಯಲ್ಲಿ ಗಂಜಿ ಉಂಡು, ಬಟ್ಟಲನ್ನು ಅಲ್ಲೇ ಪಕ್ಕಕ್ಕೆ ಸರಿಸಿ, ಹದಿನಾರು ವರ್ಷ ಹಳೆಯ ಕಾಗದದ ಕಟ್ಟೊಂದನ್ನು ಮೂರನೆಯ ಸಲ ಎಣಿಸುತ್ತಿದ್ದರು. ಅರವತ್ತೊಂದು ಹಾಳೆ ಇರಬೇಕಿತ್ತು. ಅರವತ್ತೇ ಇದ್ದವು.

"ಹ್ವಾಯ್, ಎಷ್ಟ್ ಸಲ ಎಣಿಸ್ರೂ ಅದ್ ಹೆಚ್ಚಾಪ್ದಿಲ್ಲೆ" ಎಂದೆ. "ಅದೆಂತ ಕೋಳಿಮೊಟ್ಟೆಯಾ, ಕಾವ್ ಕೂತ್ರೆ ಮರಿ ಆಪುಕೆ?"

"ನೀನೇ ಎಲ್ಲೋ ಇಟ್ಟಿದ್ದೆ."

"ನಾನ್ ಇಟ್ಟದ್ದ್ ಸಿಕ್ಕತ್ತ್. ನೀವ್ ಇಟ್ಟದ್ದೇ ಸಿಕ್ಕುದಿಲ್ಲೆ."

ಕಪಾಟಿನ ತಳ, ನನ್ನ ತವರಿನ ಟ್ರಂಕು, ಹಳೆಯ ಕ್ಯಾಲೆಂಡರುಗಳ ನಡುವೆ, ಎಲ್ಲ ಕಡೆ ಹುಡುಕಿದೆವು. ನಾನು ಕಳೆದುಹೋಯಿತೆಂದು ಹತ್ತು ವರ್ಷ ಅವರನ್ನು ಬೈದಿದ್ದ ಇಕ್ಕಳ ಟ್ರಂಕಿನಲ್ಲಿ ನನ್ನದೇ ಸೀರೆಯೊಳಗೆ ಸಿಕ್ಕಿತು. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಮನೆಯೆಲ್ಲ ಒಂದು ಸುತ್ತು ನಡೆದರು. ಸಂಜೆ ಇಬ್ಬರೂ ಹೋಗಿ ಬಂಗುಡೆ ಮೀನು ತಂದೆವು. "ಹಾಳೆ ನಾಳೆ ಹುಡುಕಿರಾಯ್ತ್" ಎಂದು ಅವರು ಉಂಡು ಮಲಗಿದರು.

ಮರುದಿನ ಬೆಳಿಗ್ಗೆ ಹಾಲು ತರಲು ಹೋದವರನ್ನು ನಾಲ್ಕು ಜನ ಎತ್ತಿಕೊಂಡು ಬಂದರು.

ಆ ಹಾಳೆಯ ವಿಷಯ ಬರೆಯಬೇಕೆಂದು ನನಗೆ ಅನಿಸಿದ್ದು ಇತ್ತೀಚೆಗೆ. 'ಇತ್ತೀಚೆಗೆ' ಎಂಬ ಮಾತಿಗೂ ನಮ್ಮ ಮನೆಯಲ್ಲಿ ಒಂದು ಕತೆಯಿದೆ. ಅದು ಆಮೇಲೆ ಬರುತ್ತದೆ.

ಉಡುಪಿ ಹೊಸ ಜಿಲ್ಲೆಯಾದ ವರ್ಷ ನಮ್ಮ ಮದುವೆಯಾಗಿ ಒಂದು ವರ್ಷವಾಗಿತ್ತು. ಇವರು ಕುಂದಾಪುರದ ಕಡೆಯ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದರು. ಹೊಸ ಜಿಲ್ಲೆಗೆ ಹೊಸ ಸಂಶೋಧನೆ ಬೇಕೆಂದು ಅವರ ತಲೆಗೆ ಹೊಕ್ಕಿತು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಜನ ಬೆಳಿಗ್ಗೆ ಏನು ತಿನ್ನುತ್ತಾರೆ, ಏನು ಕುಡಿಯುತ್ತಾರೆ ಎಂಬುದು ವಿಷಯ. ಹನ್ನೆರಡು ಪ್ರಶ್ನೆಗಳ ಹಾಳೆಯನ್ನು ಸೈಕ್ಲೋಸ್ಟೈಲ್ ಮಾಡಿಸಿದರು. ರಜೆಯ ದಿನಗಳಲ್ಲಿ ಬಸ್ಸು ಹತ್ತಿ ಮನೆಮನೆಗೆ ಹೋಗುವುದು.

ಮೊದಲ ದಿನ ಒಬ್ಬರೇ ಬೈಂದೂರಿಗೆ ಹೋಗಿ ಖಾಲಿ ಹಾಳೆಗಳೊಂದಿಗೆ ವಾಪಸು ಬಂದರು. ಎಲ್ಲ ಮನೆಗಳಲ್ಲೂ ಹೆಂಗಸರು ಬಾಗಿಲ ಸಂದಿನಿಂದಲೇ "ಗಂಡ್ಸ್ರ್ ಇಲ್ಲೆ, ಸಂಜಿಗ್ ಬನ್ನಿ" ಎಂದರಂತೆ. ಸಂಜೆ ಗಂಡಸರನ್ನು ಕೇಳಿದರೆ "ನಮ್ಗೆಂತ ಗೊತ್ತ್, ಕೊಟ್ಟದ್ ತಿಂಬುದ್" ಎಂದರಂತೆ. ಆ ಮೇಲೆ ನಾನೂ ಜೊತೆಗೆ ಹೊರಟೆ. ಹತ್ತನೆಯ ತರಗತಿ ಓದಿದ ನನಗೆ ಸಂಶೋಧನೆ ಗೊತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಮಾತಾಡುವುದು ಗೊತ್ತಿತ್ತು.

ಮೊದಲ ಪ್ರಶ್ನೆ ಪುಸ್ತಕದ ಕನ್ನಡದಲ್ಲಿತ್ತು. 'ಬೆಳಗಿನ ಉಪಾಹಾರಕ್ಕೆ ಏನನ್ನು ಸೇವಿಸುತ್ತೀರಿ?'

"ಉಪಾಹಾರವಾ?" ಎಂದಳು ಮೊದಲ ಮನೆಯ ಹೆಂಗಸು. "ಅದೆಲ್ಲ ಹೋಟ್ಲಗೆ. ನಮ್ಮಲ್ಲಿಲ್ಲೆ."

ಇವರು 'ಇಲ್ಲ' ಎಂದು ಬರೆದುಕೊಂಡರು. ನಾಲ್ಕು ಮನೆಯಲ್ಲೂ ಇದೇ ಉತ್ತರ. ಹಾಳೆಗಳ ಪ್ರಕಾರ ಬೈಂದೂರಿಗೆ ಬೈಂದೂರೇ ಉಪವಾಸವಿತ್ತು.

"ಹ್ವಾಯ್, ಉಪಾಹಾರ ಅಂದ್ರೆ ಯಾರಿಗ್ ತಿಳಿತ್ತ್? ಆಸ್ರಿ ಅಂತ ಕೇಣಿ" ಎಂದೆ. ನಮ್ಮ ಕಡೆ ಬಾಯಾರಿಕೆಗೆ ಕುಡಿಯುವ ನೀರಿನಿಂದ ಹಿಡಿದು ಕಾಫಿಯ ಜೊತೆ ತಿನ್ನುವ ತಿಂಡಿಯವರೆಗೆ ಎಲ್ಲವೂ ಆಸ್ರಿಯೇ. ಹಾಗಾಗಿ ಐದನೆಯ ಮನೆಯಲ್ಲಿ ನಾನೇ ಮುಂದೆ ಹೋಗಿ ಕೇಳಿದೆ. "ನಿಮ್ಮಲ್ಲಿ ಬೆಳಿಗ್ಗೆ ಆಸ್ರಿಗ್ ಎಂತ ಇತ್ತ್?"

ನನ್ನ ಲೆಕ್ಕದಲ್ಲಿ ಅದು ಪ್ರಶ್ನೆ. ಆ ಹೆಂಗಸಿನ ಕಿವಿಯಲ್ಲಿ ಅದು ಬೇರೆಯೇ ಆಯಿತು. ಬಂದವರಿಗೆ ಮೊದಲು ಆಸ್ರಿ ಬೇಕೇ ಎಂದು ಕೇಳುವುದು ಮನೆಯವರ ಧರ್ಮ. ಇಲ್ಲಿ ಬಂದವರೇ ಬಾಯಿಬಿಟ್ಟು 'ಆಸ್ರಿಗೆ ಏನಿದೆ' ಎಂದು ಕೇಳುತ್ತಿದ್ದಾರೆ.

"ಅಯ್ಯೋ ದೇವ್ರೇ, ಬಿಸ್ಲಗ್ ಬಂದವ್ರ್ ಕೇಂಬಂಗೆ ಆಯ್ತಲೇ!" ಎಂದು ಅವಳು ತಲೆ ಚಚ್ಚಿಕೊಂಡು ಒಳಗೆ ಓಡಿದಳು. "ಕೂಕಣಿ, ಕೂಕಣಿ, ಈಗ ತಂದೆ!"

ಹಾಲು ಹಾಕಿದ ಕಾಫಿ ಬಂತು. ಡಬ್ಬದ ತಳದಿಂದ ಚಕ್ಕುಲಿ ಬಂತು. ಪಕ್ಕದ ಮನೆಯಿಂದ ಬಾಳೆಹಣ್ಣು ಬೇಲಿ ದಾಟಿ ಬಂತು. ಇವರು ಒಂದು ಕೈಯಲ್ಲಿ ಚಕ್ಕುಲಿ ಹಿಡಿದು ಇನ್ನೊಂದು ಕೈಯಲ್ಲಿ ಬರೆದರು: ಕಾಫಿ, ಚಕ್ಕುಲಿ, ಬಾಳೆಹಣ್ಣು.

ಆ ಮನೆಯಷ್ಟೇ ಅಲ್ಲ, ಅಲ್ಲಿಂದ ಮುಂದಿನ ಎಲ್ಲ ಮನೆಗಳಲ್ಲೂ ಹೀಗೇ ಆಯಿತು. ಮೊದಲಿನ ನಾಲ್ಕು ಮನೆಗೂ ಇನ್ನೊಮ್ಮೆ ಹೋಗಿ ತಿಂದು ತಿದ್ದಿಕೊಂಡು ಬಂದೆವು. ಪ್ರತಿ ಮನೆಯ ಒಲೆಯ ಮೇಲೂ ಗಂಜಿಯ ಪಾತ್ರೆ ಇರುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತವಳು ನಾನು, ನನಗೆ ಕಾಣದೆ ಇರುತ್ತದೆಯೇ? ಬಸ್ಸಿನಲ್ಲಿ ಬರುವಾಗ ಹೇಳಿದೆ.

"ಅಲ್ಲ ಹ್ವಾಯ್, ಎಲ್ಲರ ಮನೆಯಗೂ ಗಂಜಿ ಇತ್ತ್. ಚಕ್ಕುಲಿ ಚೌತಿದ್ದ್ ಉಳ್ದದ್ದ್. ನೀವ್ ಚಕ್ಕುಲಿ ಬರಿತ್ರಿ."

"ಸಂಶೋಧನೆ ಅಂದ್ರೆ ಅವ್ರ್ ಕೊಟ್ಟ ಉತ್ರ ಬರೂದ್" ಎಂದರು ಇವರು. "ಒಳ್ಗ್ ಇಣ್ಕಿ ಕಂಡದ್ದ್ ಬರೂಕಾಗ."

"ಅವ್ರ್ ಕೊಟ್ಟದ್ದ್ ಉತ್ರ ಅಲ್ಲ, ಆಸ್ರಿ."

ಇವರು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದರು. ಆರು ಮನೆಯ ಆಸ್ರಿ ಹೊಟ್ಟೆಯಲ್ಲಿದ್ದಾಗ ಯಾರಿಗೂ ವಾದ ಮಾಡಲಾಗುವುದಿಲ್ಲ.

ಗುಲ್ವಾಡಿಯಲ್ಲಿ ಹೊಳೆಯ ಬದಿಯ ಮನೆಯೊಂದರಲ್ಲಿ ಒಬ್ಬರು ಅಜ್ಜಿ ಇದ್ದರು. ಬೆಲ್ಲದ ನೀರು, ಅವಲಕ್ಕಿ ಕೊಟ್ಟರು. "ಅಜ್ಜಿ, ಇದನ್ನು ವಾರಕ್ಕೆ ಎಷ್ಟು ಸಲ ಮಾಡುತ್ತೀರಿ?" ಎಂದು ಇವರು ಹಾಳೆ ನೋಡಿಕೊಂಡು ಕೇಳಿದರು.

"ನೀವ್ ಬಂದಷ್ಟ್ ಸಲ, ಮಗಾ."

ಇವರು ಸ್ವಲ್ಪ ಯೋಚಿಸಿ 'ಅನಿಶ್ಚಿತ' ಎಂದು ಬರೆದರು.

ಹನ್ನೆರಡನೆಯ ಪ್ರಶ್ನೆ 'ನಿಮ್ಮ ಅಭಿಪ್ರಾಯ'. ಕೆಳಗೆ ನಾಲ್ಕು ಖಾಲಿ ಗೆರೆ. ಜನ ನಮ್ಮನ್ನು ಸರಕಾರದವರೆಂದು ತಿಳಿದಿದ್ದರಿಂದ ಹೆಚ್ಚಿನ ಹಾಳೆಗಳಲ್ಲಿ ರಸ್ತೆಗೆ ಡಾಂಬರು, ಹಳ್ಳ ದಾಟುವ ಕಾಲುಸಂಕಕ್ಕೆ ಹಲಗೆ, ಬಸ್ಸು ನಿಲ್ಲಿಸದ ಡ್ರೈವರನಿಗೆ ಶಿಕ್ಷೆ ಎಂದೆಲ್ಲ ಇದೆ. ಗುಲ್ವಾಡಿಯ ಅಜ್ಜಿ ಮಾತ್ರ ನನ್ನನ್ನೂ ಇವರನ್ನೂ ಮೇಲಿಂದ ಕೆಳಗೆ ನೋಡಿ ಹೇಳಿದರು: "ಮಾಷ್ಟ್ರ್ ಭಾರಿ ಸಪೂರ. ಹೆಂಡ್ತಿ ಸಮಾ ಬಡ್ಸುದಿಲ್ಲೆ ಕಾಂತ್."

ಇವರು ಅದನ್ನು ಅಕ್ಷರ ಬಿಡದೆ ಬರೆದುಕೊಂಡರು. ನಾನು ಎರಡು ದಿನ ಮಾತು ಬಿಟ್ಟೆ. "ಕೊಟ್ಟ ಉತ್ರ ಬರೂದ್" ಎಂದು ಇವರು ಗೋಡೆಗೆ ಹೇಳುತ್ತಿದ್ದರು.

ಅರವತ್ತು ಮನೆ ಮುಗಿದಾಗ ಇವರಿಗೆ ಸಮಾಧಾನವಾಗಲಿಲ್ಲ. "ಅರ್ವತ್ತ್ ಅಂದ್ರೆ ಕೂಕಂಡಲ್ಲೇ ಬರ್ದ ಹಾಂಗ್ ಕಾಂತ್. ಅರ್ವತ್ತೊಂದ್ ಅಂದ್ರೆ ಸತ್ಯ ಅನ್ಸತ್ತ್" ಎಂದು ಕೊನೆಯ ಹಾಳೆಯನ್ನು ನಮ್ಮ ಮನೆಗೇ ತುಂಬಿದರು. ನಾನು ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಜಗಲಿಯಲ್ಲಿ ಕುಳಿತು ಬರೆಯುವುದು ಅಲ್ಲಿಗೆ ಕಾಣುತ್ತಿತ್ತು. ಹನ್ನೊಂದು ಪ್ರಶ್ನೆ ಬೇಗ ಮುಗಿಸಿ, ಹನ್ನೆರಡನೆಯದಕ್ಕೆ ಬಂದಾಗ ಪೆನ್ನು ಕಚ್ಚಿಕೊಂಡು ನನ್ನ ಕಡೆ ನೋಡಿದರು. ಆಮೇಲೆ ನಾಲ್ಕೂ ಗೆರೆ ತುಂಬ ಬರೆದರು. "ಎಂತ ಬರದ್ರಿ?" ಎಂದು ಕೂಗಿ ಕೇಳಿದೆ. "ಉತ್ರ ಗುಟ್ಟ್, ಸಂಶೋಧನೆಯ ನಿಯಮ" ಎಂದು ಹಾಳೆ ಮಡಚಿದರು. ಗುಲ್ವಾಡಿಯ ಅಜ್ಜಿ ಹೇಳಿದ್ದನ್ನೇ ಬರೆದಿರಬೇಕೆಂದು ನಾನೂ ಮತ್ತೆ ಕೇಳಲಿಲ್ಲ.

ಕಟ್ಟು ಅಟ್ಟ ಸೇರಿತು. ಹತ್ತು ವರ್ಷ ಅಲ್ಲೇ ಇತ್ತು.

ಆಮೇಲೆ ಕಾಲೇಜಿನಲ್ಲಿ ಹೊಸ ನಿಯಮ ಬಂತು. ಬಡ್ತಿ ಬೇಕಾದರೆ ಸಂಶೋಧನಾ ಲೇಖನಗಳು ಅಚ್ಚಾಗಿರಬೇಕು. ಇವರು ಅಟ್ಟದಿಂದ ಕಟ್ಟನ್ನು ಇಳಿಸಿ, ಧೂಳು ಕೊಡವಿ, ಉದ್ದದ ಲೇಖನವೊಂದನ್ನು ಬರೆದರು. ಪತ್ರಿಕೆಯವರು ಉದ್ದವಾಯಿತು, ಅರ್ಧ ಮಾಡಿ ಎಂದರು. ಅರ್ಧ ಅಚ್ಚಾಯಿತು. ಉಳಿದ ಅರ್ಧವನ್ನು ಎಸೆಯಲು ಮನಸ್ಸಾಗದೆ ಇನ್ನೊಂದು ಪತ್ರಿಕೆಗೆ ಕಳಿಸಿದರು. ಅದೂ ಅಚ್ಚಾಯಿತು. ಅಲ್ಲಿಂದ ಇವರಿಗೆ ರುಚಿ ಹತ್ತಿತು. ಬೈಂದೂರಿನ ಬೆಳಗು ಒಂದು ಲೇಖನ, ಬ್ರಹ್ಮಾವರದ ಬೆಳಗು ಒಂದು ಲೇಖನ. ಕಾಫಿ ಒಂದು, ಬೆಲ್ಲ ಒಂದು. ಲೋಟ ಮತ್ತು ಬಟ್ಟಲುಗಳ ಬಗ್ಗೆಯೂ ಒಂದು. ಹೆಸರುಗಳೆಲ್ಲ ಹೆಚ್ಚುಕಡಿಮೆ ಒಂದೇ. 'ಕರಾವಳಿಯ ಬೆಳಗಿನ ಆಹಾರ: ಒಂದು ಅವಲೋಕನ', 'ಒಂದು ಅಧ್ಯಯನ', 'ಒಂದು ಒಳನೋಟ', 'ಒಂದು ಇಣುಕುನೋಟ', 'ಒಂದು ಚಿಂತನೆ', ಆಮೇಲೆ 'ಒಂದು ಮರುಚಿಂತನೆ'.

ಇವರ ಅಕ್ಷರ ಇವರಿಗೇ ಓದಲು ಬರುತ್ತಿರಲಿಲ್ಲ. ಶುದ್ಧಪ್ರತಿ ಮಾಡುವವಳು ನಾನು. ಅದೇ ಅರವತ್ತೊಂದು ಮನೆ, ಅದೇ ಚಕ್ಕುಲಿ. ಗುಲ್ವಾಡಿಯ ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಲೇಖನಗಳಲ್ಲಿ ಮಾತ್ರ ಅವರು ಇನ್ನೂ ಬೆಲ್ಲದ ನೀರು 'ಕುಡಿಯುತ್ತಾರೆ'. ಪ್ರತಿ ಲೇಖನವೂ 'ಇತ್ತೀಚೆಗೆ ನಡೆಸಿದ ಸಮೀಕ್ಷೆಯಲ್ಲಿ' ಎಂದೇ ಆರಂಭ.

"ಇತ್ತೀಚೆಗೆ ಅಂದ್ರೆ ಎಷ್ಟ್ ವರ್ಷ?" ಎಂದು ಪೆನ್ನು ಕೆಳಗಿಟ್ಟು ಕೇಳಿದೆ.

"ಸಮಾಜಶಾಸ್ತ್ರದಗೆ ಹದ್ನೈದ್ ವರ್ಷದ ವರಿಗೂ ಇತ್ತೀಚೆಗೆಯೇ."

"ಮತ್ತೆ ಒಂದೇ ಕಟ್ಟಿನ ಹಾಳೆ ಅಂತ ಎಲ್ಲೂ ಬರಿಲಿಲ್ಲ ಅಲ್ದಾ?"

"ಬರ್ದ್ರೆ ಹಾಕ್ತ್ರಾ ಅವ್ರ್? ನೀನ್ ಒಂದೇ ಹಿಟ್ಟಗೆ ಇವತ್ ಇಡ್ಲಿ ಮಾಡ್ತೆ, ನಾಳೆ ದೋಸೆ ಮಾಡ್ತೆ. ಅದ್ ತಪ್ಪಾ?"

ನಾನು ಪೆನ್ನು ಮತ್ತೆ ಎತ್ತಿಕೊಂಡೆ. "ತಪ್ಪಲ್ಲ. ಆರೆ ದೋಸೆ ದಿನ ನಾನ್ ಬೇರೆ ಅಕ್ಕಿ ನೆನ್ಸಿದ್ದೆ ಅಂತ ಹೇಳುದಿಲ್ಲೆ."

ಇವರು ನಕ್ಕರು. ನನ್ನ ಮಾತಿಗೆ ಇವರು ನಗುವುದೆಂದರೆ ಇನ್ನು ಮುಂದೆ ಆ ವಿಷಯ ಬೇಡ ಎಂದರ್ಥ. ನಾನೂ ಶುದ್ಧಪ್ರತಿ ಮಾಡುತ್ತಲೇ ಹೋದೆ. ಅದನ್ನು ಇಲ್ಲಿ ಹೇಳಬೇಕು. ಏಳು ಲೇಖನಗಳೂ ನನ್ನ ಕೈಬರಹದಲ್ಲೇ ಹೋದದ್ದು. ಏಳರಲ್ಲೂ ಒಂದು ಪಟ್ಟಿ ಇತ್ತು. ಕಾಫಿಯ ಮನೆ ಇಷ್ಟು, ಚಹಾದ ಮನೆ ಇಷ್ಟು, ಬೆಲ್ಲದ ನೀರಿನ ಮನೆ ಇಷ್ಟು. ಕೊನೆಯ ಸಾಲು 'ಇತರೆ (ಗಂಜಿ) – ೧'. ಯಾವ ಮನೆ ಅದು ಎಂದು ನನ್ನ ತಲೆಗೇ ಹೋಗಿರಲಿಲ್ಲ.

ಬಡ್ತಿ ಸಿಕ್ಕಿತು. ಬಾಗಿಲ ಫಲಕಕ್ಕೆ ಇನ್ನೊಂದು ಸಾಲು ಸೇರಿತು.

ಒಂದು ಭಾನುವಾರ ಬೆಳಿಗ್ಗೆ ಒಬ್ಬಳು ಹುಡುಗಿ ಬಂದಳು. ಬೇರೆ ಊರಿನವಳು, ಆಹಾರದ ವಿಷಯದಲ್ಲಿ ಡಾಕ್ಟರೇಟಿಗೆ ಬರೆಯುತ್ತಿದ್ದವಳು. ಹೆಗಲಲ್ಲಿ ದೊಡ್ಡ ಚೀಲ, ಅದರಲ್ಲಿ ಇವರ ಏಳೂ ಲೇಖನ. ಇವರು ಜಗಲಿಯಲ್ಲಿ ಗಂಜಿ ಉಣ್ಣುತ್ತಿದ್ದರು. ಅವಳನ್ನು ಕಂಡದ್ದೇ ಬಟ್ಟಲಿನ ಮೇಲೆ ಪೇಪರು ಮುಚ್ಚಿದರು. ಮಿಡಿ ಉಪ್ಪಿನಕಾಯಿ ಮಾತ್ರ ಕೈಯಲ್ಲೇ ಉಳಿಯಿತು.

"ಸರ್, ನಿಮ್ಮಿಂದ ನನಗೆ ಎಷ್ಟು ಉಪಕಾರವಾಗಿದೆ ಗೊತ್ತಾ?" ಎಂದಳು ಹುಡುಗಿ. "ಏಳು ಬೇರೆ ಬೇರೆ ಸಮೀಕ್ಷೆ! ಏಳರಲ್ಲೂ ಒಂದೇ ಫಲಿತಾಂಶ! ಇಷ್ಟು ಗಟ್ಟಿ ಆಧಾರ ಬೇರೆಲ್ಲೂ ಇಲ್ಲ ಸರ್. ಇಲ್ಲಿಯ ಬೆಳಗಿನಿಂದ ಗಂಜಿ ಮಾಯವಾಗಿದೆ ಅಂತ ಒಂದು ಇಡೀ ಅಧ್ಯಾಯ ಬರೆದಿದ್ದೇನೆ. ಮುಂದಿನ ತಿಂಗಳು ಒಪ್ಪಿಸಬೇಕು."

ಇವರು ಮಿಡಿಯನ್ನು ನೋಡಿಕೊಂಡು ಕುಳಿತರು. ಪೇಪರಿನಡಿಯಿಂದ ಗಂಜಿಯ ಹಬೆ ಏಳುತ್ತಿತ್ತು.

"ಒಂದೇ ಒಂದು ಸಹಾಯ ಬೇಕು ಸರ್. ಪ್ರತಿ ಸಮೀಕ್ಷೆಯಲ್ಲೂ ಗಂಜಿ ಉಣ್ಣುವ ಮನೆ ಒಂದೊಂದು ಉಳಿದಿದೆ. ಒಟ್ಟು ಏಳು. ಆ ಏಳು ಮನೆ ಎಲ್ಲೆಲ್ಲಿವೆ? ನಾನು ಹೋಗಿ ನೋಡಬೇಕು. ಬೈಂದೂರಿಗೆ ಬಸ್ಸು ಎಷ್ಟು ಹೊತ್ತಿಗಿದೆ?"

ಇವರು ನನ್ನ ಮುಖ ನೋಡಿದರು. ಆಗ ನನಗೆ ತಿಳಿಯಿತು 'ಇತರೆ' ಯಾರೆಂದು. ಹದಿನಾರು ವರ್ಷ ನಾನೇ ಬೇಯಿಸಿ, ಏಳು ಸಲ ನಾನೇ ಶುದ್ಧಪ್ರತಿ ಮಾಡಿದ್ದೆ.

ನಾನು ಒಳಗೆ ಹೋಗಿ ಒಂದು ಬಟ್ಟಲು ಗಂಜಿ ತಂದು ಹುಡುಗಿಯ ಮುಂದಿಟ್ಟೆ. "ಬಸ್ಸ್ ಎಂತಕೆ ಮಗಾ? ಒಂದ್ನೇ ಮನೆ ಇದೇ. ಉಣ್ಣ್. ಎರಡ್ನೇದೂ ಇದೇ. ಏಳ್ನೇದ್ದರ ವರಿಗೂ ಕೂಕಂಡಲ್ಲೇ ಆತ್ತ್."

ಹುಡುಗಿ ನಕ್ಕಳು. ನಾವು ನಗಲಿಲ್ಲ. ಅವಳ ನಗು ಸ್ವಲ್ಪ ಸ್ವಲ್ಪವೇ ನಿಂತಿತು.

"ಎಲ್ಲ ಒಂದೇ ಕಟ್ಟಿನಿಂದ ಬರೆದದ್ದಮ್ಮ" ಎಂದರು ಇವರು. ಹುಡುಗಿಯನ್ನು ಅಮ್ಮ ಎಂದರು. "ಅರವತ್ತೊಂದೇ ಮನೆ. ಅದೂ ಪ್ರಶ್ನೆ ತಪ್ಪಾಗಿತ್ತು." ಉಪಾಹಾರ, ಆಸ್ರಿ, ಚಕ್ಕುಲಿ, ಒಲೆಯ ಮೇಲಿನ ಗಂಜಿ, ಎಲ್ಲವನ್ನೂ ಹೇಳಿದರು. ಹೇಳುವಾಗ ಧ್ವನಿ ಸಣ್ಣದಾಗಿತ್ತು. ಆ ಧ್ವನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಮತ್ತೆಲ್ಲೂ ಕೇಳಿಲ್ಲ.

"ಸರ್, ನನ್ನ ಅಧ್ಯಾಯ?" ಎಂದಳು ಹುಡುಗಿ. ಕಣ್ಣು ತುಂಬಿತ್ತು. "ನಾನು ಏಳನ್ನೂ ಕೂಡಿಸಿಬಿಟ್ಟಿದ್ದೇನೆ."

"ಬಿಡ್ಸುವ" ಎಂದೆ ನಾನು. "ಕೂಡ್ಸಿದ್ದ್ ಬಿಡ್ಸುಕ್ ಆತ್ತಲೆ. ಮೊದ್ಲ್ ಉಣ್ಣ್."

ಅವಳು ಗಂಜಿ ಉಂಡಳು. ಎರಡನೆಯ ಸಲ ಬಡಿಸಿಕೊಂಡಳು. ಕಟ್ಟಿನ ಎಲ್ಲ ಹಾಳೆಗಳ ಪ್ರತಿ ಬೇಕು, ಅಧ್ಯಾಯವನ್ನು ನಡೆದದ್ದು ನಡೆದಂತೆ ಮತ್ತೆ ಬರೆಯುತ್ತೇನೆ ಎಂದು ಹೇಳಿ ಹೋದಳು. ಅವಳು ಹೋದ ಮೇಲೆ ಇವರು ಪೇಪರು ಎತ್ತಿ ತಣ್ಣಗಾದ ಗಂಜಿಯನ್ನು ಉಂಡರು.

ಆ ವಾರ ಏಳು ಪತ್ರಿಕೆಗಳಿಗೂ ಕಾಗದ ಬರೆಯಲು ಕುಳಿತರು. ಶುದ್ಧಪ್ರತಿಗೆ ನನ್ನ ಕೈಗೆ ಬಂದಾಗ ನೋಡುತ್ತೇನೆ, ಒಂದು ಕಾಗದದಲ್ಲಿ ಪ್ರಶ್ನೆ ತಪ್ಪಾಗಿತ್ತು ಎಂದು ಮಾತ್ರ ಇದೆ. ಇನ್ನೊಂದರಲ್ಲಿ ಸಮೀಕ್ಷೆ ಹಳೆಯದು ಎಂದು ಮಾತ್ರ. ಮೂರನೆಯದರಲ್ಲಿ ಬೈಂದೂರಿನ ವಿಷಯ ಮಾತ್ರ.

"ಹ್ವಾಯ್, ತಪ್ಪ್ ಒಪ್ಪುದನ್ನೂ ಏಳ್ ತುಂಡ್ ಮಾಡ್ತ್ರಿಯಾ?"

ಇವರು ಕಾಗದಗಳನ್ನು ತಿರುತಿರುಗಿಸಿ ನೋಡಿದರು. "ಅಭ್ಯಾಸ ಆಯ್ತ್ ಕಾಣ್" ಎಂದರು. ನಗಲೂ ಇಲ್ಲ, ಅಳಲೂ ಇಲ್ಲ. ಎಲ್ಲ ಹರಿದು ಒಂದೇ ಕಾಗದ ಬರೆದರು. ಏಳೂ ಲೇಖನಗಳು ಒಂದೇ ಕಟ್ಟಿನವು, ಕಟ್ಟು ತೊಂಬತ್ತೇಳರದ್ದು, ಬೈಂದೂರು ಕುಂದಾಪುರ ಬ್ರಹ್ಮಾವರದ ಜನ ನಮಗೆ ಕೊಟ್ಟದ್ದು ಉತ್ತರವಲ್ಲ, ಆಸ್ರಿ. ನಾನು ಅದನ್ನು ಏಳು ಪ್ರತಿ ಮಾಡಿದೆ. ಒಂದನ್ನೇ ಏಳು ಸಲ ಬರೆಯುವಾಗ ಆ ಸಲ ಕೈ ನೋಯಲಿಲ್ಲ. ಶುಕ್ರವಾರ ಅಂಚೆಗೆ ಹಾಕಿದೆವು. ಶನಿವಾರ ಹುಡುಗಿಗೆ ಕಳಿಸಲು ಹಾಳೆ ಎಣಿಸಿದೆವು. ಭಾನುವಾರ ಹಾಲು.

ಇವರ ಉತ್ತರಕ್ರಿಯೆಯ ಬೊಜ್ಜ ಕಳೆದು ಬಂದವರೆಲ್ಲ ಹೋದ ಮೇಲೆ ಒಂದು ಪತ್ರಿಕೆಯವರಿಂದ ಉತ್ತರ ಬಂತು. ಕಾಗದ ಚೆನ್ನಾಗಿದೆಯಂತೆ. ಸ್ವಲ್ಪ ಉದ್ದ ಮಾಡಿ ಕೊಟ್ಟರೆ 'ಕರಾವಳಿಯ ಬೆಳಗಿನ ಆಹಾರ: ಒಂದು ತಪ್ಪೊಪ್ಪಿಗೆ' ಎಂಬ ಹೆಸರಿನಲ್ಲಿ ಲೇಖನವಾಗಿ ಹಾಕುತ್ತಾರಂತೆ, ಬಡ್ತಿಗೂ ಲೆಕ್ಕಕ್ಕೆ ಬರುತ್ತದಂತೆ. ನಾನು ಜಗಲಿಯಲ್ಲಿ ನಿಂತು ಜೋರಾಗಿ ನಕ್ಕೆ. ನಕ್ಕು, ಕಾಗದ ಎತ್ತಿ ಹಿಡಿದು, "ಹ್ವಾಯ್, ಇಲ್ಲ್ ಕಾಣಿ" ಎಂದು ಒಳಗೆ ತಿರುಗಿ ಕೂಗಿಯೂ ಬಿಟ್ಟೆ. ಇವರನ್ನು ನಾನು ಹೆಸರು ಹಿಡಿದು ಕರೆದವಳಲ್ಲ. ಹದಿನೇಳು ವರ್ಷ ಹ್ವಾಯ್ ಎಂದರೆ ಇವರೇ. ಪಕ್ಕದ ಮನೆಯವರು "ಎಂತ ಅಕ್ಕಾ?" ಎಂದು ಬೇಲಿಯ ಬದಿಗೆ ಬಂದರು. ಎಂತ ಇಲ್ಲೆ ಎಂದೆ.

ಅರವತ್ತು ಹಾಳೆಗಳನ್ನು ಹುಡುಗಿಗೆ ಕಳಿಸಿದೆ. ಅವಳು ಫೋನು ಮಾಡಿದಳು. ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಕೇಳಿದಳು.

"ಅಮ್ಮಾ, ಅರವತ್ತೊಂದನೆಯದು ನಿಮ್ಮ ಮನೆಯದೇ ಅಲ್ಲವಾ? ನೀವೇ ಹೇಳಿ, ನಾನು ತುಂಬಿಕೊಳ್ಳುತ್ತೇನೆ."

ಹೇಳಲು ನನಗೆ ಬರುತ್ತಿರಲಿಲ್ಲವೆಂದಲ್ಲ. ಬೆಳಿಗ್ಗೆ ಏನು, ಎಷ್ಟು ಹೊತ್ತಿಗೆ, ಯಾವ ಬಟ್ಟಲಲ್ಲಿ, ಉಪ್ಪಿನಕಾಯಿ ಮಿಡಿಯದೋ ನಿಂಬೆಯದೋ, ಎಲ್ಲ ಗೊತ್ತು. ಹನ್ನೆರಡನೆಯದು ಮಾತ್ರ ಗೊತ್ತಿಲ್ಲ.

"ಬೇಡ ಮಗಾ" ಎಂದೆ. "ನಾನ್ ಈಗ ಹೇಳಿರೆ ಅದ್ ಅರ್ವತ್ತೆರಡ್ನೇದ್ ಆತ್ತ್. ಅವ್ರ್ ಬರ್ದದ್ದ್ ಬೇರೆ. ಸಿಕ್ಕಿದ್ದ್ ಅರ್ವತ್ತ್, ಅರ್ವತ್ತ್ ಅಂತ್ಲೇ ಬರಿ."

ಅವಳು ಹಾಗೆಯೇ ಬರೆದಳು. ಪುಸ್ತಕವಾದ ಮೇಲೆ ಒಂದು ಪ್ರತಿ ಕಳಿಸಿದಳು. ಆ ಪಟ್ಟಿಯಲ್ಲಿ ಕಾಫಿ ಇದೆ, ಚಹಾ ಇದೆ, ಬೆಲ್ಲದ ನೀರಿದೆ. ಅವು ಅತಿಥಿಗಳಿಗೆ ಕೊಟ್ಟವು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಟಿಪ್ಪಣಿ ಇದೆ. ಗುಲ್ವಾಡಿಯ ಅಜ್ಜಿ ಬೆಲ್ಲದ ನೀರು 'ಕೊಟ್ಟಿದ್ದರು' ಎಂದಾಗಿದೆ. 'ಇತರೆ' ಎಂಬ ಸಾಲು ಇಲ್ಲ.

ಈಗಲೂ ಗಂಜಿ ಒಲೆಯ ಮೇಲಿಟ್ಟು, ಅದು ಬೇಯುವವರೆಗೆ ಒಂದು ಕಪಾಟನ್ನೋ ಒಂದು ಡಬ್ಬವನ್ನೋ ತೆಗೆದು ನೋಡುತ್ತೇನೆ. ಹೋದ ವಾರ ಅವರ ಕನ್ನಡಕದ ಒಂದು ಕಡ್ಡಿ ಸಿಕ್ಕಿತು. ಅರವತ್ತೊಂದನೆಯ ಹಾಳೆ ಇನ್ನೂ ಸಿಕ್ಕಿಲ್ಲ.